ಮೂವತ್ತರಲ್ಲಿ ನಿಲ್ಲುವವಳು

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಇಥಿಯೋಪಿಯಾದ ಹೆಣ್ಣುಮಗಳಿಗೆ ಸಂಬಳ ಸಿಗುತ್ತಿದ್ದದ್ದು ಓಡುವುದಕ್ಕಲ್ಲ, ನಿಲ್ಲುವುದಕ್ಕೆ. ಈ ಮಾತನ್ನು ಶಿಕಾರಿಪುರದಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ನಾನೂ ಮೊದಲು ನಂಬಲಿಲ್ಲ. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿ ಸೀಟಿ ಊದಿ, ಕೂಗಿ, ಗಂಟಲು ಕೆಡಿಸಿಕೊಂಡವಳು ನಾನು. ಓಟದ ವಿಷಯದಲ್ಲಿ ನನಗೆ ಯಾರೂ ಹೊಸದಾಗಿ ಹೇಳಿಕೊಡುವುದೇನಿಲ್ಲ ಎಂದುಕೊಂಡಿದ್ದೆ.

ವಿಷಯ ಇಷ್ಟೇ. ದೊಡ್ಡ ಊರುಗಳ ಮ್ಯಾರಥಾನಿನಲ್ಲಿ ಗೆಲ್ಲಬೇಕಾದವರ ಮುಂದೆ ಒಬ್ಬರನ್ನು ಓಡಿಸುತ್ತಾರೆ. ಅವರು ಗಾಳಿಗೆ ಎದೆ ಕೊಟ್ಟು, ಹಿಂದಿನವರಿಗೆ ವೇಗ ಹಿಡಿದುಕೊಟ್ಟು, ಮೂವತ್ತನೇ ಕಿಲೋಮೀಟರ್ ಬಂದ ಕೂಡಲೇ ಬದಿಗೆ ಸರಿದು ನಿಲ್ಲಬೇಕು. ಗೆಲುವು, ಹಾರ, ಫೋಟೊ ಎಲ್ಲ ಹಿಂದಿದ್ದವರಿಗೆ. ಇವಳು ಹದಿಹರೆಯದಲ್ಲಿ ತನ್ನ ಬೆಟ್ಟದ ಊರಿನಿಂದ ಪಟ್ಟಣದ ಕ್ಲಬ್ಬಿಗೆ ಆಯ್ಕೆಯಾಗಿ ಬಂದವಳು. ಒಂದೆರಡು ಕಡಿಮೆ ದೂರದ ಓಟದಲ್ಲಿ ಹೆಸರು ಮಾಡಿದಳು. ಆಮೇಲೆ ಹಿಮ್ಮಡಿಯ ಮೇಲಿನ ನರ ಹಿಡಿದುಕೊಂಡಿತು. ಅದು ವಾಸಿಯಾಗುವವರೆಗೆ ಒಂದೇ ಒಂದು ಸಲ ಬೇರೆಯವರಿಗೆ ವೇಗ ಹಿಡಿದುಕೊಡು ಎಂದ ಅವಳ ಕೋಚ್. ಆ ಒಂದು ಸಲ ವರ್ಷಗಟ್ಟಲೆ ನಡೆಯಿತು. ಅವಳ ಬೆನ್ನು ನೋಡಿಕೊಂಡು ಓಡಿದವರಲ್ಲಿ ಮನೆ ಕಟ್ಟಿಸಿದವರಿದ್ದಾರೆ, ಹೋಟೆಲು ತೆರೆದವರಿದ್ದಾರೆ. ಅವಳು ಮಾತ್ರ ಒಂದು ಮ್ಯಾರಥಾನನ್ನೂ ಮುಗಿಸಿದವಳಲ್ಲ.

ಮುಗಿಸಲು ಹೊರಟಿರಲಿಲ್ಲ ಎಂದಲ್ಲ. ಹಟ ಮಾಡಿ ಎರಡು ಸಲ ತನ್ನದೇ ಹೆಸರಿನಲ್ಲಿ ಓಡಿದಳಂತೆ. ಎರಡು ಸಲವೂ ಮೂವತ್ತು ಬಂದ ಕೂಡಲೇ ಕಾಲು ತಾನಾಗಿ ಎಡಕ್ಕೆ ಸರಿದು ನಿಂತುಬಿಟ್ಟಿತು. ನೋವಿಲ್ಲ, ಉಬ್ಬಸವಿಲ್ಲ, ಬರೀ ನಿಲುಗಡೆ. ಗಾಣದ ಎತ್ತಿಗೆ ಗಾಣ ಬಿಟ್ಟರೂ ಸುತ್ತುವ ಚಟ ಬಿಡುವುದಿಲ್ಲವಲ್ಲ, ಹಾಗೆ.

ಅವಳ ಗಂಡ ಕೃಷಿ ಸಂಶೋಧನೆ ಮಾಡುವ ವಿದ್ಯಾರ್ಥಿ. ಸೊರಬದ ಗದ್ದೆಗಳಲ್ಲಿ ಭತ್ತಕ್ಕೆ ಬರುವ ಬೆಂಕಿರೋಗ ನೋಡುವುದು ಅವನ ಕೆಲಸ. ಬಸ್ಸಿನ ಅನುಕೂಲಕ್ಕೆ ಶಿಕಾರಿಪುರದಲ್ಲಿ ಮನೆ ಹುಡುಕಿಕೊಂಡು ಬಂದು ನಮ್ಮ ಮಹಡಿ ಸೇರಿದರು. ನಮ್ಮತ್ತೆ ಮೊದಲ ವಾರ ಗೊಣಗಿದರು. ಎರಡನೆಯ ವಾರ ಆ ಹುಡುಗಿ ಹಿತ್ತಿಲಲ್ಲಿ ಹಸಿ ಕಾಫಿಬೀಜ ಹುರಿದು, ಕುಟ್ಟಿ, ಚಿಕ್ಕ ಬಟ್ಟಲಿನಲ್ಲಿ ಕೊಟ್ಟಳು. ಅಲ್ಲಿಂದ ಮುಂದೆ ಅತ್ತೆಯೇ ಮೆಟ್ಟಿಲ ಬುಡದಲ್ಲಿ ನಿಂತು ಕರೆಯುತ್ತಿದ್ದರು. ಕನ್ನಡವನ್ನೂ ಅವರೇ ಕಲಿಸಿದ್ದು. ‘ರೀ’ ಎನ್ನುವುದು ಪ್ರತಿ ಮಾತಿಗೂ ಅಂಟಿಕೊಂಡೇ ಇರುತ್ತದೆ ಎಂದು ಅವಳು ತಿಳಿದಿದ್ದಳು. ಬೆಳಿಗ್ಗೆ ಓಡುವಾಗ ಅಟ್ಟಿಸಿಕೊಂಡು ಬಂದ ಬೀದಿ ನಾಯಿಗೂ “ಹೋಗ್ರೀ, ಹೋಗ್ರೀ” ಎನ್ನುತ್ತಿದ್ದಳು.

ನಮ್ಮ ಕಡೆ ದೊಡ್ಡವರು ರಸ್ತೆಯಲ್ಲಿ ಓಡಿದರೆ ಅದಕ್ಕೆ ಎರಡೇ ಕಾರಣ. ಒಂದೋ ಯಾರಿಗೋ ಏನೋ ಆಗಿದೆ, ಇಲ್ಲವೋ ಬಸ್ಸು ತಪ್ಪಿದೆ. ಹಾಗಾಗಿ ಅವಳು ಓಡಲು ಹೊರಟಳೆಂದರೆ ಬೈಕಿನವರು ನಿಲ್ಲಿಸಿ ಎಲ್ಲಿಗೆ ಬಿಡಬೇಕು ಎಂದು ಕೇಳುತ್ತಿದ್ದರು. ಬಸ್ಸುಗಳಂತೂ ಅವಳನ್ನು ದಾಟಿ ಮುಂದೆ ಹೋಗಿ ನಿಂತು, ಬಾಗಿಲು ತೆರೆದು ಕಾಯುತ್ತಿದ್ದವು. ಬೇಡ ಎಂದರೆ ಕಂಡಕ್ಟರಿಗೆ ಬೇಜಾರು. ಅವಳು ಅಭ್ಯಾಸ ಮಾಡುತ್ತಿದ್ದದ್ದು ಆನಂದಪುರದ ರಸ್ತೆಯಲ್ಲಿ. ಉದ್ದದ ಓಟದ ದಿನ ಎಲ್ಲಿ ಕಾಲು ನಿಲ್ಲುತ್ತದೋ ಅಲ್ಲಿ ಬಸ್ಸು ಹತ್ತಿ ವಾಪಸು ಬರುತ್ತಿದ್ದಳು. ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುವಾಗ ಅವಳ ಮುಖ ನೋಡಿದರೆ ಎಲ್ಲಿ ನಿಂತಳು ಎಂದು ಕೇಳುವ ಅಗತ್ಯವಿರುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಕೋಚ್ ಫೋನ್ ಮಾಡಿದ. ಫೆಬ್ರುವರಿಯಲ್ಲಿ ನಮ್ಮ ದೇಶದ ಒಂದು ದೊಡ್ಡ ಊರಿನಲ್ಲಿ ಮ್ಯಾರಥಾನ್ ಇದೆ, ಕ್ಲಬ್ಬಿಗೆ ಒಂದು ಜಾಗ ಉಳಿದಿದೆ. ಹೇಗೂ ಅಲ್ಲೇ ಇದ್ದೀಯಲ್ಲ, ಪೂರಾ ದೂರ ಒಂದು ಸಲ ಓಡಿ ತೋರಿಸು, ನಾನು ವಿಡಿಯೊದಲ್ಲಿ ನೋಡುತ್ತೇನೆ. ಮುಗಿಸಿದರೆ ಆ ಜಾಗ ನಿನಗೆ, ನಿಂತರೆ ಇನ್ನೊಬ್ಬ ಚಿಕ್ಕ ಹುಡುಗಿಗೆ ಎಂದ. ನಲವತ್ತೆರಡು ಕಿಲೋಮೀಟರನ್ನು ವಾರಕ್ಕೊಮ್ಮೆ ಓಡಲು ಆಗುವುದಿಲ್ಲ. ಒಂದು ಸಲ ಓಡಿದರೆ ಮೈ ಸರಿಹೋಗಲು ವಾರಗಟ್ಟಲೆ ಬೇಕು. ಅಂದರೆ ಇದ್ದದ್ದು ಒಂದೇ ಅವಕಾಶ. ಅವಳ ವಯಸ್ಸಿಗೆ ಮುಂದಿನ ವರ್ಷ ಯಾರೂ ಕರೆಯುವುದೂ ಇಲ್ಲ. ಇದನ್ನೆಲ್ಲ ಅವಳು ನನ್ನ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಕಣ್ಣು ನೆಲಕ್ಕೆ ಹಾಕಿ ಹೇಳಿದಳು. ಕೊನೆಗೆ “ಟೀಚರ್, ನೀವು ಬರ್ತೀರೀ?” ಎಂದು ಕೇಳಿದಳು. ಬರುವುದಿಲ್ಲ ಎನ್ನುವುದು ಹೇಗೆ?

ದಾರಿ ಯಾವುದು ಎಂಬ ಪ್ರಶ್ನೆ ಬಂತು. ನನ್ನ ತವರು ಉಳವಿಯ ಕಡೆ. ಅಲ್ಲಿ ನೆರಳಿನ ಒಳದಾರಿಗಳಿಗೇನು ಕೊರತೆ. ಆದರೆ ಅದು ಮಂಗನ ಕಾಯಿಲೆಯ ಕಾಲ. ಕ್ಯಾಸನೂರಿನ ಸುತ್ತಮುತ್ತ ಸತ್ತ ಮಂಗ ಸಿಕ್ಕಿತು ಎಂದರೆ ನಮ್ಮವರು ತರಗೆಲೆ ತರಲೂ ಕಾಡಿಗೆ ಹೋಗುವುದಿಲ್ಲ. ಮಂಗನ ಮೈಯಿಂದ ಉದುರಿದ ಉಣುಗು ಕಚ್ಚಿ ಜ್ವರ ಹಿಡಿದರೆ ಓಟವಲ್ಲ, ಜೀವದ ಮಾತು. ಹಾಗಾಗಿ ಟಾರು ರಸ್ತೆಯೇ ಸರಿ ಎಂದು ತೀರ್ಮಾನವಾಯಿತು. ಉಳವಿ ರಸ್ತೆಯಲ್ಲಿ ಸೊರಬಕ್ಕೆ ಸ್ವಲ್ಪ ಮೊದಲು ಹೊರಟು, ಸೊರಬ, ಶಿರಾಳಕೊಪ್ಪ ದಾಟಿ, ಶಿಕಾರಿಪುರದ ಎಪಿಎಂಸಿ ಗೇಟಿಗೆ ಮುಗಿಸುವುದು. ಸ್ಕೂಟರಿನ ಮೀಟರು ನಂಬದೆ ಫೋನಿನಲ್ಲೂ ಅಳೆದೆ.

ಅಳೆದ ಮೇಲೆ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಇವಳ ಕಾಲಿಗೆ ಮೂವತ್ತು ಎಲ್ಲಿದೆ ಎಂದು ಗೊತ್ತಾದರೆ ತಾನೇ ನಿಲ್ಲುವುದು. ಗೊತ್ತಾಗದ ಹಾಗೆ ಮಾಡಿದರೆ? ಸೊರಬದ ರಸ್ತೆಯಲ್ಲಿ ಅವಳು ಒಮ್ಮೆಯೂ ಓಡಿಲ್ಲ. ಕಿಲೋಮೀಟರ್ ಕಲ್ಲುಗಳ ಮೇಲೆ ಕನ್ನಡ ಅಂಕಿ. ಅವಳು ಕಲಿತದ್ದು ಬಾಯಿಮಾತಿನ ಕನ್ನಡ. ಕೈಗಡಿಯಾರ ಬಿಚ್ಚಿಸಿ ನನ್ನ ಬ್ಯಾಗಿಗೆ ಹಾಕಿಕೊಂಡರಾಯಿತು. ಹೇಳಿದೆ. ಅವಳು ಬಹಳ ಹೊತ್ತು ಯೋಚಿಸಿ ಒಪ್ಪಿದಳು. ಒಂದೇ ಷರತ್ತು ಹಾಕಿದಳು.

“ದೂರ ಕೇಳಿದ್ರೆ ನೀವು ಹೇಳಬೇಡ್ರೀ. ಆದ್ರೆ ಸುಳ್ಳು ಹೇಳಬೇಡ್ರೀ.”

ನಾನು ಸುಳ್ಳು ಹೇಳುವ ಜಾತಿಯಲ್ಲ ಎಂದೆ. ಅದು ಹದಿನಾರಾಣೆ ಸತ್ಯ. ಅದರಲ್ಲೂ ದೂರದ ವಿಷಯದಲ್ಲಿ ನನಗೊಂದು ಹಳೆಯ ಸಿಟ್ಟಿದೆ. ನಮ್ಮ ಸೀಮೆಯಲ್ಲಿ ಎಷ್ಟು ದೂರ ಎಂದು ಕೇಳಿದರೆ ಯಾರೂ ದೂರ ಹೇಳುವುದಿಲ್ಲ, ಸಮಾಧಾನ ಹೇಳುತ್ತಾರೆ. ಬಿಸಿಲಲ್ಲಿ ನಡೆದು ಬಂದವರಿಗೆ “ಇಲ್ಲೇ, ಇನ್ನೇನು ಬಂತು” ಎನ್ನುವುದು ಇಲ್ಲಿಯ ಮರ್ಯಾದೆ. ಆ ‘ಇಲ್ಲೇ’ ಎರಡು ಗದ್ದೆಯಾಚೆಯೂ ಆಗಬಹುದು, ಎರಡು ಗುಡ್ಡದಾಚೆಯೂ ಆಗಬಹುದು. ಕಾಲೇಜಿನಲ್ಲಿದ್ದಾಗ ಸೊರಬದಲ್ಲಿ ನಡೆದ ರಸ್ತೆ ಓಟದಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೆ. ದಾರಿಬದಿಯ ಹಿರಿಯರೊಬ್ಬರು “ಇಲ್ಲೇ ಇದೆ ಕಣೇ, ಬಂತು” ಎಂದರು. ಅವರನ್ನು ನಂಬಿ ಇದ್ದ ಉಸಿರನ್ನೆಲ್ಲ ಅಲ್ಲೇ ಸುರಿದೆ. ಅಲ್ಲಿಂದ ಮುಂದೆ ಇನ್ನೂ ಎರಡು ಊರು ದಾಟುವುದಿತ್ತು. ಒಬ್ಬೊಬ್ಬರೇ ನನ್ನನ್ನು ದಾಟಿ ಹೋದರು. ಅವತ್ತಿನಿಂದ ಆ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ಶಾಲೆಯಲ್ಲೂ ಮಕ್ಕಳಿಗೆ ಇನ್ನು ಎಷ್ಟು ಸುತ್ತು ಎಂದು ಕಟ್ಟುನಿಟ್ಟಾಗಿ ಹೇಳುತ್ತೇನೆ, ಅತ್ತರೂ ಸರಿ.

ಓಟದ ದಿನ ಬೆಳಕು ಹರಿಯುವ ಮೊದಲೇ ಅಲ್ಲಿದ್ದೆವು. ಚಳಿ ಎಂದರೆ ಚಳಿ. ನಾನು ಸ್ಕೂಟರಿನ ಮೇಲೆ, ನನ್ನ ಹಿಂದೆ ಅವಳ ಗಂಡ, ಅವನ ಕೈಯಲ್ಲಿ ವಿಡಿಯೊ ಹಚ್ಚಿದ ಫೋನು. ಫೋನಿನೊಳಗೆ ಅವರೂರಿನ ಕತ್ತಲಲ್ಲಿ ಕಂಬಳಿ ಹೊದ್ದು ಕೂತ ಕೋಚ್. ಅವಳು ನೆಲ ಮುಟ್ಟಿ, ಹಣೆಯಲ್ಲಿ ಶಿಲುಬೆಯ ಗುರುತು ಮಾಡಿಕೊಂಡಳು. ಅತ್ತೆ ಹಿಂದಿನ ಸಂಜೆ ಕೊಟ್ಟಿದ್ದ ವಿಭೂತಿಯೂ ಆ ಹಣೆಯ ಮೇಲಿತ್ತು. ಹೊರಟಳು.

ಅವಳು ಓಡುವುದನ್ನು ಅಷ್ಟು ಹತ್ತಿರದಿಂದ ಅಷ್ಟು ಹೊತ್ತು ನಾನು ನೋಡಿದ್ದು ಅದೇ ಮೊದಲು. ಸದ್ದೇ ಇಲ್ಲ. ನಮ್ಮ ಮಕ್ಕಳು ಓಡಿದರೆ ಧಡಧಡ ಎನ್ನುತ್ತದೆ. ಇವಳ ಪಾದ ಟಾರಿಗೆ ತಗುಲಿತೋ ಇಲ್ಲವೋ ಎಂಬಂತಿತ್ತು. ಸೊರಬ ಬಂತು, ಹೋಯಿತು. ಹೋಟೆಲಿನ ಮುಂದೆ ಪೇಪರ್ ಓದುತ್ತಿದ್ದವರು ತಲೆ ಎತ್ತಿ, ನನ್ನನ್ನು ಗುರುತು ಹಿಡಿದು, “ಏನ್ ಟೀಚರೇ, ಯಾರಿಗೇನಾಯ್ತು?” ಎಂದು ಕೂಗಿದರು. ಯಾರಿಗೂ ಏನೂ ಆಗಿಲ್ಲ ಎಂದು ಹೇಳುತ್ತಲೇ ಸಾಗಿದೆ.

ಶಿರಾಳಕೊಪ್ಪದವರೆಗೆ ನೀರು ಕೊಡುವುದು ಬಿಟ್ಟರೆ ನನಗೆ ಕೆಲಸವಿರಲಿಲ್ಲ. ಅದು ದಾಟಿದ ಮೇಲೆ ರಸ್ತೆ ಬೇರೆಯೇ ಆಯಿತು. ಮೆಕ್ಕೆಜೋಳದ ಸುಗ್ಗಿ. ರೈತರು ಅರ್ಧ ರಸ್ತೆಗೆ ಜೋಳ ಹರವಿ, ವಾಹನಗಳು ಹತ್ತದಂತೆ ಅಂಚಿಗೆ ಕಲ್ಲು ಜೋಡಿಸಿದ್ದರು. ಉಳಿದರ್ಧದಲ್ಲಿ ಲಾರಿ, ಟ್ರ್ಯಾಕ್ಟರು, ನಾವು. ಬಿಸಿಲೂ ಏರಿತ್ತು. ಕಾಳಿನ ಮೇಲೆ ಕಾಲಿಟ್ಟರೆ ಜಾರಿ ಕಣಕಾಲು ಹೋಗುತ್ತದೆ. ಲಾರಿ ಬಂದಾಗಲೆಲ್ಲ ಅವಳು ಕಲ್ಲಿಗೂ ಚಕ್ರಕ್ಕೂ ನಡುವೆ ಗೇಣಷ್ಟು ಜಾಗದಲ್ಲಿ ನುಸುಳುತ್ತಿದ್ದಳು. ಹಿಂದೆ ಕೂತವನು ತನ್ನ ಭಾಷೆಯಲ್ಲಿ ದೇವರನ್ನು ಕರೆಯುತ್ತಿದ್ದುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಕಿಲೋಮೀಟರ್ ಕಲ್ಲುಗಳನ್ನು ನಾನು ಓದುತ್ತಿದ್ದೆ, ಅವಳು ಓದುತ್ತಿರಲಿಲ್ಲ. ಇಪ್ಪತ್ತೇಳು, ಇಪ್ಪತ್ತೆಂಟು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಮುಖದಲ್ಲಿ ಏನೂ ತೋರಿಸದ ಹಾಗೆ ಸ್ಕೂಟರ್ ಬಿಡುತ್ತಿದ್ದೆ. ಅವಳು ಒಮ್ಮೆ ತಿರುಗಿ ನನ್ನ ಮುಖ ನೋಡಿದಳು. ನಾನು ನೀರಿನ ಬಾಟಲಿ ತೋರಿಸಿದೆ.

ಇಪ್ಪತ್ತೊಂಬತ್ತು ದಾಟಿತು. ಅವಳ ಹೆಜ್ಜೆ ಹಾಗೇ ಇತ್ತು. ಉಪಾಯ ಫಲಿಸಿತು, ಇನ್ನೊಂದು ತಿರುವು ಕಳೆದರೆ ಗಂಡಾಂತರ ಕಳೆದಂತೆ ಎಂದು ಉಸಿರು ಬಿಡುವಷ್ಟರಲ್ಲಿ ಹಿಂದಿನಿಂದ ಹಾರ್ನ್ ಕೇಳಿಸಿತು. ಶಿಕಾರಿಪುರಕ್ಕೆ ಹೊರಟ ಖಾಸಗಿ ಬಸ್ಸು. ನಮ್ಮನ್ನು ದಾಟಿ, ಅವಳ ಮುಂದೆ ಹೋಗಿ, ಬದಿಗೆ ಸರಿದು ನಿಂತಿತು. ಬಾಗಿಲು ತೆರೆಯಿತು. ಕಂಡಕ್ಟರ್ ಫುಟ್‌ಬೋರ್ಡಿಗೆ ಇಳಿದು, ಪಾಪ ಎಂಬ ಮುಖ ಮಾಡಿಕೊಂಡು ಕೈ ಬೀಸಿದ.

“ಬರ್ರಿ ಅಕ್ಕಾರೆ, ಹತ್ರಿ. ಶಿಕಾರಿಪುರ ಇನ್ನ ಹನ್ನೆರಡು ಕಿಲೋಮೀಟ್ರು ಐತಿ. ಎಷ್ಟಂತ ಓಡ್ತೀರಿ?”

ಊರಿಗೆ ಊರೇ ದೂರದ ವಿಷಯದಲ್ಲಿ ಸುಳ್ಳು ಹೇಳುತ್ತದೆ. ಸ್ಟೇಜಿನ ಪ್ರಕಾರ ಟಿಕೆಟ್ ಹರಿಯುವ ಕಂಡಕ್ಟರ್ ಒಬ್ಬನೇ ನಿಜ ಹೇಳುವುದು. ಅದು ನನಗೆ ಆವರೆಗೂ ಹೊಳೆದಿರಲಿಲ್ಲ. ಸಂತೆಯಲ್ಲಿ ತರಕಾರಿ ಕೊಂಡು ಕೊಂಡು ಅವಳಿಗೆ ಹನ್ನೆರಡು ಎಂದರೆ ಎಷ್ಟೆಂದು ಚೆನ್ನಾಗಿ ಗೊತ್ತಿತ್ತು. ನಲವತ್ತೆರಡರಲ್ಲಿ ಹನ್ನೆರಡು ಕಳೆಯಲು ಅವಳಿಗೆ ನನ್ನ ಸಹಾಯ ಬೇಕಿರಲಿಲ್ಲ.

ನಾನು ನೋಡುತ್ತಿದ್ದಂತೆಯೇ ಅದು ನಡೆಯಿತು. ಭುಜ ಇಳಿಯಿತು. ಹೆಜ್ಜೆ ಗಿಡ್ಡವಾಯಿತು. ಮೈ ನಿಧಾನಕ್ಕೆ ಎಡಕ್ಕೆ ವಾಲತೊಡಗಿತು, ಹಿಂದೆ ಬರುವ ಯಾರಿಗೋ ದಾರಿ ಬಿಡುವವಳಂತೆ. ಹಿಂದೆ ಓಡುವವರು ಯಾರೂ ಇರಲಿಲ್ಲ, ನಮ್ಮ ಸ್ಕೂಟರ್ ಒಂದೇ ಇತ್ತು. ಫೋನಿನೊಳಗಿಂದ ಕೋಚ್ ಏನೋ ಒದರಿದ, ನೆಟ್‌ವರ್ಕ್ ಹೋಗಿ ಅವನ ಮುಖ ಅಲ್ಲೇ ನಿಂತುಬಿಟ್ಟಿತು. ಅವಳ ಗಂಡ ನನ್ನ ಭುಜ ಹಿಂಡಿದ. ನನಗೆ ಬಂದ ಕೋಪವನ್ನೆಲ್ಲ ಕಂಡಕ್ಟರ್ ಮೇಲೆ ಸುರಿದೆ.

“ಯಾರು ಕರೆದ್ರು ನಿನ್ನ? ಹೋಗು ಮಾರಾಯ, ಬಸ್ ತಗೊಂಡು ಹೋಗು.”

“ಒಳ್ಳೇದಕ್ಕ ಹೇಳಿದ್ರೆ ಬೈತಾರಲ್ರೀ ಇವ್ರು” ಎಂದು ಅವನು ಗೊಣಗುತ್ತಾ ಹತ್ತಿದ. ಬಸ್ಸು ಮಾತ್ರ ಹೋಗಲಿಲ್ಲ. ಒಳಗಿದ್ದವರೆಲ್ಲ ಕಿಟಕಿಯಿಂದ ತಲೆ ಹಾಕಿದ್ದರು.

ಅವಳ ಪಾದ ಮೆಕ್ಕೆಜೋಳದ ಅಂಚಿನ ಕಲ್ಲುಗಳವರೆಗೆ ಬಂದಿತ್ತು. ಅಲ್ಲೇ ಕಾಲಿನಿಂದ ಕಾಳು ಕೆದರುತ್ತಾ ಒಬ್ಬ ಹೆಂಗಸು ನಿಂತಿದ್ದಳು, ತಲೆಗೆ ಟವೆಲ್ ಸುತ್ತಿಕೊಂಡು. ಇವಳನ್ನು ಮೇಲಿಂದ ಕೆಳಗೆ ನೋಡಿದಳು. ಕರಿಯ ಮೈ, ಬೆವರು, ಚಡ್ಡಿ, ಹಣೆಯ ಮೇಲೆ ವಿಭೂತಿ. ಏನು ಅರ್ಥವಾಯಿತೋ ಏನೋ, ಅವಳು ಹೇಳಿದ್ದು ಮಾತ್ರ ಇದು.

“ಅಂವ ಹಂಗೇ ಅಂತಾನ. ಇಲ್ಲೇ ಐತೆ ಹೋಗವ್ವ, ಇನ್ನೇನ್ ಬಂತು.”

ಹುಡುಗಿ ಓಡುತ್ತಲೇ ಇದ್ದಳು. ಓಟ ಎನ್ನುವ ಹಾಗಿರಲಿಲ್ಲ, ನಿಲ್ಲಲಿಲ್ಲ ಅಷ್ಟೆ. ತಲೆ ತಿರುಗಿಸಿ ನನ್ನನ್ನು ನೋಡಿದಳು. “ಟೀಚರ್, ಇಲ್ಲೇ?” ಎಂದಳು.

ಸುಳ್ಳು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಅದಕ್ಕಿಂತ ಹೆಚ್ಚಾಗಿ, ಆ ಪದವನ್ನು ಬಾಯಿಂದ ಆಡಬಾರದೆಂದು ಕಾಲೇಜಿನ ದಿನದಿಂದ ಹಟ ಹಿಡಿದವಳು. ಸುಮ್ಮನಿದ್ದರೆ ಅವಳು ನಿಲ್ಲುತ್ತಾಳೆ. ನಿಜ ಹೇಳಿದರೂ ನಿಲ್ಲುತ್ತಾಳೆ.

“ಹೌದು ಕಣೇ, ಇಲ್ಲೇ” ಎಂದೆ. “ಬಂತು. ನಡಿ.”

ಅವಳಿಗೆ ಅದು ಸುಳ್ಳೆಂದು ಗೊತ್ತಿತ್ತು. ಹಲ್ಲು ಕಚ್ಚಿದ ಮುಖದಲ್ಲೇ ಒಂದು ಕ್ಷಣ ನಗು ಬಂದು ಹೋದದ್ದನ್ನು ನಾನು ಕಂಡೆ. ಕಲ್ಲಿನ ಅಂಚಿನಿಂದ ಮೈ ಎಳೆದುಕೊಂಡು ಅವಳು ರಸ್ತೆಯ ನಡುವಿಗೆ ಬಂದಳು. ನಿಂತಿದ್ದ ಬಸ್ಸಿನ ಬಾಗಿಲನ್ನು ದಾಟಿದಳು. ಸ್ವಲ್ಪ ಹೊತ್ತಿಗೆ ಆ ಬಸ್ಸು ನಮ್ಮನ್ನು ಹಿಂದೆ ಹಾಕಿ ಹೋಗುವಾಗ ಒಳಗಿನವರು ಕೈ ಬೀಸಿದರು, ಯಾಕೆಂದು ಅವರಿಗೂ ಗೊತ್ತಿರಲಿಲ್ಲ.

ಅಲ್ಲಿಂದಾಚೆಯ ದಾರಿ ಅವಳ ಕಾಲಿಗೆ ಗೊತ್ತಿಲ್ಲದ್ದು. ಅಷ್ಟು ವರ್ಷ ಓಡಿದವಳು ಆ ಕೊನೆಯ ಭಾಗದಲ್ಲಿ ಎಳೆಮಗುವಿನ ಹಾಗಿದ್ದಳು. ತೊಡೆಯ ಮಾಂಸ ಹಿಡಿದುಕೊಂಡಾಗ ಏನು ಮಾಡಬೇಕೆಂದು ತಿಳಿಯದೆ ತನ್ನ ಕೈಯಿಂದಲೇ ಗುದ್ದಿಕೊಂಡಳು. ಒಮ್ಮೆ ನೀರು ಕುಡಿದದ್ದೆಲ್ಲ ವಾಂತಿಯಾಯಿತು. ಸಿಕ್ಕ ಸಿಕ್ಕವರನ್ನೆಲ್ಲ “ಎಷ್ಟು ದೂರ ರೀ?” ಎಂದು ಕೇಳುತ್ತಿದ್ದಳು. ಶುಂಠಿ ಮೂಟೆ ಹೊತ್ತವನನ್ನು, ಹಾಲಿನ ಕ್ಯಾನಿನವನನ್ನು, ಶಾಲೆಯ ಗೇಟಿನ ಹತ್ತಿರ ನಿಂತಿದ್ದ ಅಜ್ಜಿಯನ್ನು. ಎಲ್ಲರದೂ ಒಂದೇ ಉತ್ತರ. ಎಂಟು ಕಿಲೋಮೀಟರಿನಲ್ಲೂ ಇಲ್ಲೇ, ಐದರಲ್ಲೂ ಇಲ್ಲೇ, ಎರಡರಲ್ಲೂ ಇಲ್ಲೇ. ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಧೂಳಿಗೆ ಎಂದು ಹೇಳಿಕೊಂಡೆ. ಊರಿನ ಮೇಲಿನ ಹಳೆಯ ಸಿಟ್ಟು ಅವತ್ತು ಪೂರ್ತಿ ಹೋಯಿತು ಎನ್ನಲಾರೆ, ಅರ್ಧವಂತೂ ಹೋಯಿತು.

ಎಪಿಎಂಸಿ ಗೇಟಿನ ಹತ್ತಿರ ಅತ್ತೆ ಬಿಸಿಲಿಗೆ ಸೆರಗು ಹೊದ್ದು, ಲೋಟದಲ್ಲಿ ಮಜ್ಜಿಗೆ ಹಿಡಿದು ನಿಂತಿದ್ದರು. ಹುಡುಗಿ ಗೇಟು ದಾಟಿ ಕಟ್ಟೆಯ ಮೇಲೆ ಬೋರಲು ಬಿದ್ದಳು. ಹಮಾಲರು ಮೂಟೆ ಇಳಿಸುವುದು ಬಿಟ್ಟು ಸುತ್ತ ನೆರೆದರು. ಆಕೆಯ ಗಂಡ ಅಳುತ್ತಾ ಫೋನನ್ನು ಅವಳ ಮುಖಕ್ಕೆ ಹಿಡಿದ. ಕೋಚ್ ಮತ್ತೆ ಲೈನಿಗೆ ಬಂದಿದ್ದ. ಮಧ್ಯೆ ನೆಟ್‌ವರ್ಕ್ ಹೋದದ್ದು ಬಿಟ್ಟರೆ ಪೂರ್ತಿ ನೋಡಿದ್ದ. ಅವನು ತಣ್ಣಗೆ, ಸಂತೋಷದಿಂದಲೇ, ಏನೋ ಹೇಳಿದ. ಅವಳು ಕಣ್ಣು ಮುಚ್ಚಿಕೊಂಡಳು. ಗಂಡನ ಕೈ ಕೆಳಗಿಳಿಯಿತು.

ಏನಂತೆ ಎಂದು ಕೇಳಿದೆ. ಅವನು ನೆಲ ನೋಡುತ್ತಾ ಹೇಳಿದ. ಓಟ ಬಹಳ ಚೆನ್ನಾಗಿತ್ತಂತೆ. ಮೂವತ್ತರ ಆಚೆಗೂ ಇವಳಲ್ಲಿ ಕಸುವಿದೆ ಎಂದು ಈಗ ಖಾತ್ರಿಯಾಯಿತಂತೆ. ಆದ್ದರಿಂದ ಆ ಜಾಗ ಚಿಕ್ಕ ಹುಡುಗಿಗೇ ಇರಲಿ, ಇವಳು ಆ ಹುಡುಗಿಗೆ ಮೂವತ್ತೈದರವರೆಗೆ ವೇಗ ಹಿಡಿದುಕೊಟ್ಟು ನಿಲ್ಲಲಿ.

ಅಟ್ಟ ಹತ್ತಿಸಿ ಏಣಿ ತೆಗೆಯುವುದು ಎಂದರೆ ಇದೇ. ನಾನು ಫೋನ್ ಕಿತ್ತುಕೊಂಡು ಕೋಚಿಗೆ ಬೈದೆ. ಸೊರಬದ ಕನ್ನಡದಲ್ಲಿ ಶುರುಮಾಡಿ ಶಿಕಾರಿಪುರದ ಕನ್ನಡದಲ್ಲಿ ಮುಗಿಸಿದೆ. ಹಮಾಲರು ತಲೆದೂಗಿದರು. ಕೋಚ್ ಪಾಪ ನನ್ನನ್ನು ಅವಳ ತಾಯಿ ಎಂದುಕೊಂಡನೋ ಏನೋ, ಎದೆಯ ಮೇಲೆ ಕೈ ಇಟ್ಟು ನಮಸ್ಕಾರ ಮಾಡಿದ. ಅವಳು ಕೈ ಚಾಚಿ ಫೋನ್ ಇಸಿದುಕೊಂಡಳು. ತನ್ನ ಭಾಷೆಯಲ್ಲಿ ಒಂದೇ ಒಂದು ಮಾತು ಹೇಳಿ ಇಟ್ಟಳು.

“ಏನಂದೆ?” ಎಂದು ಕೇಳಿದೆ.

“ಬರ್ತೀನಿ ಅಂದೆ ರೀ” ಎಂದಳು.

ಅವಳ ಮೇಲೂ ನನಗೆ ಸಿಟ್ಟು ಬಂತು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಅವಳ ಗಂಡ ಕೆಳಗಿಳಿದು ಬಂದು ಒಪ್ಪಂದದ ವಿಷಯ ತಿಳಿಸಿದ. ಹೋಗದಿದ್ದರೆ ಕ್ಲಬ್ಬಿನಲ್ಲಿ ಜಾಗವಿಲ್ಲ. ಹೋಗಿ, ಹೇಳಿದಲ್ಲಿ ನಿಲ್ಲದಿದ್ದರೂ ಜಾಗವಿಲ್ಲ. ಊರಲ್ಲಿ ಅವಳ ತಮ್ಮ ತಂಗಿಯರ ಓದು ಇದೇ ಸಂಬಳದ ಮೇಲೆ ನಿಂತಿದೆ. ಇಷ್ಟು ಹೇಳಿ ಅವನು ಗದ್ದೆಗೆ ಹೊರಟುಹೋದ. ನಾನು ಮೇಲೆ ಹೋಗಿ ಅವಳ ತೊಡೆಗೆ ಕೊಬ್ಬರಿ ಎಣ್ಣೆ ತಿಕ್ಕಿ ಬಂದೆ.

ಆ ದೊಡ್ಡ ಊರಿನ ಓಟ ಭಾನುವಾರ ಬೆಳಿಗ್ಗೆ. ಗದ್ದೆಯ ಕೆಲಸ ಬಿಟ್ಟು ಹೋಗಲಾಗದೆ ಅವಳ ಗಂಡ ನಮ್ಮ ನಡುಮನೆಯಲ್ಲೇ ಕೂತಿದ್ದ. ಅವನ ಫೋನನ್ನು ನೀರಿನ ತಂಬಿಗೆಗೆ ಆನಿಸಿಟ್ಟು ಅತ್ತೆಯೂ ಸೇರಿ ಮೂವರೂ ನೋಡಿದೆವು. ವೇಗ ಹಿಡಿಯುವವರಿಗೆ ಪಟ್ಟೆಪಟ್ಟೆಯ ಬನಿಯನ್ ಹಾಕಿರುತ್ತಾರೆ, ಗುರುತು ಸಿಗಲಿ ಎಂದು. ಎಲ್ಲರಿಗಿಂತ ಮುಂದೆ ಆ ಪಟ್ಟೆ ಬನಿಯನ್ ಓಡುತ್ತಿತ್ತು. ಅವಳ ಬೆನ್ನಿಗೇ ಅಂಟಿಕೊಂಡು ಆ ಚಿಕ್ಕ ಹುಡುಗಿ, ಅವಳ ಹಿಂದೆ ಇನ್ನು ನಾಲ್ಕೈದು ಜನ. ಮೂವತ್ತರ ಫಲಕ ಬಂತು. ಅವಳು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮೂವತ್ತೈದು ಬಂತು. ಬದಿಯಲ್ಲಿ ಯಾರೋ ಅವಳಿಗೆಂದೇ ಟವೆಲ್ ಹಿಡಿದು ನಿಂತಿದ್ದರು.

ಅವಳು ಟವೆಲ್ ದಾಟಿ ಹೋದಳು.

“ನಿಲ್ಬೇಕಿತ್ತಲ್ಲೇನೆ?” ಎಂದರು ಅತ್ತೆ. ಗಂಡ ಎದ್ದು ನಿಂತ. ಸ್ವಲ್ಪ ಹೊತ್ತಿಗೆ ಓಟದ ಚಿತ್ರದ ಮೇಲೆಯೇ ಕೋಚಿನ ಹೆಸರು ಮೂಡಿ, ಫೋನ್ ತಂಬಿಗೆಯ ಬುಡದಲ್ಲಿ ನಡುಗತೊಡಗಿತು. ಗಂಡ ಅದನ್ನು ಬೆರಳಿನಿಂದ ಬದಿಗೆ ಸರಿಸಿದ. ಮತ್ತೆ ಬಂತು, ಮತ್ತೆ ಸರಿಸಿದ. ತಮ್ಮ ತಂಗಿಯರ ಓದು, ಕ್ಲಬ್ಬು, ಸಂಬಳ ಎಲ್ಲ ಅವನ ಕಣ್ಣ ಮುಂದೆ ಬಂದಿರಬೇಕು. ಆದರೂ ಅವನು ಎತ್ತಲಿಲ್ಲ.

ನಲವತ್ತು ಬರುವ ಮೊದಲೇ ಚಿಕ್ಕ ಹುಡುಗಿ ಅವಳನ್ನು ದಾಟಿದಳು. ಇನ್ನೊಬ್ಬಳು ದಾಟಿದಳು. ಕ್ಯಾಮೆರಾ ಗೆಲ್ಲುವವರ ಹಿಂದೆ ಹೋಯಿತು. ಪಟ್ಟೆ ಬನಿಯನ್ ಚಿತ್ರದಿಂದ ಮಾಯವಾಯಿತು. ನಿಂತಳೋ, ಬಿದ್ದಳೋ, ಬದಿಗೆ ಸರಿದಳೋ ತಿಳಿಯುವ ಬಗೆಯೇ ಇಲ್ಲ. ಚಿಕ್ಕ ಹುಡುಗಿ ಗೆದ್ದಳು. ಅವಳ ಮೈಮೇಲೆ ಬಾವುಟ ಹೊದಿಸಿದರು, ಕೈಗೆ ಹೂಗುಚ್ಛ ಕೊಟ್ಟರು, ಬಾಯಿಗೆ ಮೈಕ್ ಹಿಡಿದರು. ನಾವು ಅವಳನ್ನು ನೋಡುತ್ತಿರಲಿಲ್ಲ. ಅವಳ ಭುಜದ ಹಿಂದೆ ಚೂರೇ ಚೂರು ಕಾಣುತ್ತಿದ್ದ ಓಟ ಮುಗಿಯುವ ಗೆರೆಯನ್ನು ನೋಡುತ್ತಿದ್ದೆವು. ಒಬ್ಬಳು ಬಂದಳು. ನಮ್ಮವಳಲ್ಲ. ಇನ್ನೊಬ್ಬಳು ಬಂದಳು. ಅವಳೂ ಅಲ್ಲ.

ಆಮೇಲೆ ಆ ಮೈಕಿನ ಹಿಂದೆ, ಯಾರೂ ನೋಡದ ಮೂಲೆಯಲ್ಲಿ, ಪಟ್ಟೆ ಬನಿಯನ್ ತೂರಾಡುತ್ತಾ ಬಂದು ಗೆರೆ ದಾಟಿತು.

ಗಂಡ ಗೋಡೆಗೆ ಹಣೆ ಒತ್ತಿ ಬಿಕ್ಕಿದ. ಅತ್ತೆಗೆ ಕನ್ನಡಕವಿಲ್ಲದೆ ಸರಿಯಾಗಿ ಕಾಣುತ್ತಿರಲಿಲ್ಲ. ನನ್ನ ಮೊಣಕೈ ಹಿಡಿದು ಅಲ್ಲಾಡಿಸಿದರು.

“ಗೆದ್ಲೇನೆ?”

“ಇಲ್ಲ ಅತ್ತೆ,” ಎಂದೆ. “ಮುಗಿಸಿದ್ಲು.”